ನೀಲಿ ಹರಳು ಕೊಳ್ಳುವ ಮುನ್ನ: ನೀಲಮಣಿಯೋ, ಟಾಂಜನೈಟೋ, ಅಕ್ವಾಮರೀನೋ?

'ನಿಶ್ಚಿತಾರ್ಥದ ಉಂಗುರಕ್ಕೆ ನೀಲಿ ಹರಳು ಬೇಕು. ನೀಲಮಣಿಯೇ ಆಗಬೇಕೇ, ಟಾಂಜನೈಟ್ ಸಾಕೇ?' 'ಅಂಗಡಿಯಲ್ಲಿ ಲಂಡನ್ ಬ್ಲೂ ತೋರಿಸಿದರು, ಅದು ನೀಲಮಣಿಯೇ?' 'ಅಜ್ಜಿಯ ಉಂಗುರದ ಕಲ್ಲು ಅಸಲಿಯೇ?' ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳಿವು. ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲೆಂದು, ಕೊಳ್ಳುವ ಕ್ರಮದಲ್ಲೇ ಹಂತ ಹಂತವಾಗಿ ಇಲ್ಲಿ ಬರೆದಿದೆ. ಜಾತಕಕ್ಕೆ ಯಾವ ಹರಳು ಆಗಿಬರುತ್ತದೆ ಎಂಬುದು ಈ ಬರಹದ ವಿಷಯವಲ್ಲ. ಆದರೆ ಶನಿಗೆಂದು ನೀಲ ಕೊಳ್ಳುವವರಿಗೂ ಇಲ್ಲಿನ ಎಚ್ಚರಿಕೆಗಳು ಅಷ್ಟೇ ಬೇಕು, ಏಕೆಂದರೆ ಹೆಚ್ಚು ಮೋಸ ನಡೆಯುವುದು ಆ ವ್ಯಾಪಾರದಲ್ಲೇ.

ಅಂಗಡಿಗೆ ಹೋಗುವಾಗ ನಾಲ್ಕು ವಸ್ತು ಜೊತೆಗಿರಲಿ: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ, ಪೆನ್ ಗಾತ್ರದ ಟಾರ್ಚು, ಒಂದು ಹಾಳೆ ಬಿಳಿ ಕಾಗದ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ. ಬಿಡಿ ಹರಳನ್ನು ಮನೆಗೆ ತಂದು ನೋಡುವ ಅವಕಾಶವಿದ್ದರೆ 0.001 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯೂ ಉಪಯೋಗಕ್ಕೆ ಬರುತ್ತದೆ.

ಹಂತ 1: ಮೊದಲು ಒಡವೆ ಯಾವುದೆಂದು ತೀರ್ಮಾನಿಸಿ

ಹರಳು ನೋಡಿ ಮನಸೋತು, ಆಮೇಲೆ ಅದನ್ನು ಯಾವುದಕ್ಕೆ ಕಟ್ಟಿಸುವುದೆಂದು ಯೋಚಿಸುವವರೇ ಹೆಚ್ಚು. ಈ ಕ್ರಮವನ್ನು ತಿರುಗಿಸಿ. ದಿನವೂ ಹಾಕುವ ಉಂಗುರವೇ, ಹಬ್ಬಕ್ಕೆ ಮಾತ್ರ ತೆಗೆಯುವ ಉಂಗುರವೇ, ಓಲೆಯೇ, ಪದಕವೇ, ಮೂಗುಬೊಟ್ಟೇ? ಇದು ಗೊತ್ತಾದರೆ ಅರ್ಧ ಹರಳುಗಳು ತಾವಾಗಿಯೇ ಪಟ್ಟಿಯಿಂದ ಹೊರಬೀಳುತ್ತವೆ.

ಕಾರಣ ಧೂಳು. ನಮ್ಮ ಮನೆ, ಬೀದಿಗಳ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಮರಳೆಂದರೆ ಬಹುಪಾಲು ಕ್ವಾರ್ಟ್ಜ್, ಬೆಣಚುಕಲ್ಲಿನ ಪುಡಿ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗಿನ ಅಂಕಿಯಲ್ಲಿ ಹೇಳುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಅದಕ್ಕಿಂತ ಮೆದುವಾದ ಹರಳನ್ನು ಸೀರೆಯ ಸೆರಗಿನಲ್ಲಿ ಒರೆಸಿದರೂ ಆ ಧೂಳೇ ಅದನ್ನು ಗೀಚುತ್ತದೆ. ಎರಡು ಮೂರು ವರ್ಷದಲ್ಲಿ ಮೇಲ್ಮೈ ಮಂಕಾಗಿ, ಪಟ್ಟೆಗಳ, ಅಂದರೆ ಹರಳಿಗೆ ಕಡೆದ ಚಪ್ಪಟೆ ಮುಖಗಳ, ಅಂಚು ಸವೆದು ಹೊಳಪು ಹೋಗುತ್ತದೆ. ಉಂಗುರ ಬಾಗಿಲ ಚಿಲಕ, ಕುಕ್ಕರ್ ಹಿಡಿ, ಸ್ಕೂಟರಿನ ಹ್ಯಾಂಡಲ್ ಎಲ್ಲಕ್ಕೂ ತಾಗುತ್ತದೆ. ಓಲೆಗೂ ಪದಕಕ್ಕೂ ಅಂಥ ಪೆಟ್ಟು ಬೀಳುವುದು ಅಪರೂಪ.

ಗಡಸುತನದ ಜೊತೆ ಇನ್ನೊಂದು ಗುಣವನ್ನೂ ನೋಡಬೇಕು. ಕೆಲವು ಹರಳುಗಳಿಗೆ ಸೀಳುವ ದಿಕ್ಕಿರುತ್ತದೆ. ಸೌದೆ ನಾರಿನ ಉದ್ದಕ್ಕೆ ಸುಲಭವಾಗಿ ಸೀಳಿ, ಅಡ್ಡಕ್ಕೆ ಸೀಳದಿರುವ ಹಾಗೆ. ಟೋಪಾಜ್‌ನ ಗಡಸುತನ 8. ಗೀಚು ಬೀಳುವುದು ಕಡಿಮೆ, ಆದರೆ ಆ ದಿಕ್ಕಿಗೆ ಒಂದು ಪೆಟ್ಟು ಬಿದ್ದರೆ ಎರಡು ಹೋಳು. ಮಾಪಕದ ಅಂಕಿ ಒಂದನ್ನೇ ನೋಡಿ ಕೊಂಡವರು ಎಡವುವುದು ಇಲ್ಲಿ.

ನೇರವಾಗಿ ಹೇಳುವುದಾದರೆ, ದಿನನಿತ್ಯದ ಉಂಗುರಕ್ಕೆ ನೀಲಮಣಿ, ಅದು ಬಿಟ್ಟರೆ ನೀಲಿ ಸ್ಪಿನೆಲ್. ಸ್ವಲ್ಪ ಜೋಪಾನ ಮಾಡುವವರಿಗೆ ಅಕ್ವಾಮರೀನ್ ಆದೀತು. ಉಳಿದದ್ದೆಲ್ಲ ಓಲೆಗೆ, ಪದಕಕ್ಕೆ.

ಹಂತ 2: ಹರಳುಗಳ ಗುಣ ತಿಳಿಯಿರಿ

ನೀಲಮಣಿ, ಅಂಗಡಿಯ ಮಾತಿನಲ್ಲಿ ನೀಲಮ್ ಅಥವಾ ಬ್ಲೂ ಸಫೈರ್. ಇದು ಕೊರಂಡಮ್ ಎಂಬ ಖನಿಜ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಕೊರಂಡಮ್ ಎಂಬ ಹೆಸರೇ ನಮ್ಮ ಕಡೆಯದು. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದಕ್ಕೆ ನಂಟಿರುವ ಪದ. ಅದೇ ಖನಿಜ ಕೆಂಪಾದರೆ ಮಾಣಿಕ್ಯ. ನೀಲಿ ಬರುವುದು ಕಬ್ಬಿಣ ಮತ್ತು ಟೈಟಾನಿಯಂನ ಅಲ್ಪ ಅಂಶದಿಂದ. ಗಡಸುತನ 9, ಸೀಳುವ ದಿಕ್ಕಿಲ್ಲ. ಇಂದು ಮಾರುಕಟ್ಟೆಗೆ ಬರುವ ಒಳ್ಳೆಯ ನೀಲಗಳಲ್ಲಿ ಶ್ರೀಲಂಕಾ ಮತ್ತು ಮಡಗಾಸ್ಕರ್‌ನವು ಹೆಚ್ಚು. ಮ್ಯಾನ್ಮಾರಿನ ಮೊಗೊಕ್ ಕಣಿವೆಯದು ಗಾಢ ನೀಲಿ, ದುಬಾರಿ. ಆಸ್ಟ್ರೇಲಿಯಾದ್ದು ಸಾಮಾನ್ಯವಾಗಿ ಕಪ್ಪು ಛಾಯೆಯದು, ಅಗ್ಗ. ಕಾಶ್ಮೀರದ ನೀಲ ಎಂಬ ಹೆಸರಿಗೆ ಮರುಳಾಗುವವರಿಗೆ ಒಂದು ಮಾತು: ಪಾಡರ್ ಪ್ರದೇಶದ ಆ ಗಣಿ 1880ರ ದಶಕದ ಆರಂಭದಲ್ಲಿ ಬೆಳಕಿಗೆ ಬಂತು, ಆ ದಶಕ ಮುಗಿಯುವ ಮೊದಲೇ ಮುಖ್ಯ ನಿಕ್ಷೇಪ ಬರಿದಾಯಿತು. ಇಂದು ಬಡಾವಣೆಯ ಅಂಗಡಿಯಲ್ಲಿ 'ಕಾಶ್ಮೀರಿ' ಎಂದು ತೋರಿಸುವ ಕಲ್ಲನ್ನು ದೊಡ್ಡ ಪ್ರಯೋಗಾಲಯದ ವರದಿ ಇಲ್ಲದೆ ನಂಬಬೇಡಿ. 'ಬ್ಯಾಂಕಾಕ್ ನೀಲಮ್' ಎಂಬುದೂ ಹಾಗೆಯೇ. ಬ್ಯಾಂಕಾಕ್ ಹರಳುಗಳನ್ನು ಕಾಯಿಸಿ, ಕತ್ತರಿಸಿ, ಮಾರುವ ಊರು; ಅಲ್ಲಿಂದ ಬಂದದ್ದೆಲ್ಲ ಅಲ್ಲಿನ ನೆಲದ್ದಲ್ಲ.

ಸ್ಪಿನೆಲ್‌ಗೆ ಸಿಗಬೇಕಾದಷ್ಟು ಗೌರವ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ. ಗಡಸುತನ 8, ಗಟ್ಟಿಮುಟ್ಟು, ಬಹುಪಾಲು ಕಾಯಿಸದೆಯೇ ಮಾರಾಟಕ್ಕೆ ಬರುತ್ತದೆ. ಸಾಮಾನ್ಯ ನೀಲಿ ಸ್ಪಿನೆಲ್ ಮೋಡದ ಬೂದು ಬೆರೆತ ನೀಲಿ. ಕೋಬಾಲ್ಟ್ ಅಂಶದಿಂದ ಉಜ್ವಲವಾಗಿ ಹೊಳೆಯುವುದು ವಿಯೆಟ್ನಾಮಿನ ಲುಕ್ ಯೆನ್‌ನಂಥ ಕಡೆ ಸಿಗುತ್ತದೆ. ಬಲು ಅಪರೂಪ, ಬೆಲೆಯೂ ಹಾಗೆಯೇ. ಅಂಥ ಉಜ್ವಲ ನೀಲಿ ಸ್ಪಿನೆಲ್ ಅಗ್ಗಕ್ಕೆ ಸಿಕ್ಕಿತೆಂದರೆ ಅದು ಕಾರ್ಖಾನೆಯಲ್ಲಿ ಬೆಳೆಸಿದ್ದೆಂದೇ ಮೊದಲು ಅನುಮಾನಿಸಿ.

ಟಾಂಜನೈಟ್ ಜಗತ್ತಿನಲ್ಲಿ ಒಂದೇ ಕಡೆ ಸಿಗುತ್ತದೆ: ಟಾಂಜಾನಿಯಾದ ಅರುಷಾ ಬಳಿಯ ಮೆರೆಲಾನಿ ಬೆಟ್ಟಗಳಲ್ಲಿ. 1967ರಲ್ಲಿ ಪತ್ತೆಯಾಯಿತು, ಮರುವರ್ಷ ಅಮೆರಿಕದ ಒಡವೆ ಸಂಸ್ಥೆ ಟಿಫನಿ ಈ ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕಂದು ಛಾಯೆಯನ್ನು ನೀಲಿ–ನೇರಳೆಗೆ ತರುವುದು ಇದರಲ್ಲಿ ಮಾಮೂಲು. ಅದು ದೋಷವಲ್ಲ, ಬಣ್ಣ ನಿಲ್ಲುತ್ತದೆ. ಹಗಲಲ್ಲಿ ನೀಲಿ, ಹಳದಿ ದೀಪದಡಿ ನೇರಳೆ. ಸೊಗಸು ಅಷ್ಟಿದ್ದರೂ ಗಡಸುತನ 6ರಿಂದ 7 ಮಾತ್ರ, ಜೊತೆಗೆ ಸೀಳುವ ದಿಕ್ಕು ಬೇರೆ. ದಿನದ ಉಂಗುರಕ್ಕೆ ಬೇಡವೇ ಬೇಡ. ಇನ್ನೊಂದು ವಿಷಯ, ಸಣ್ಣ ಟಾಂಜನೈಟ್‌ಗಳು ತೆಳು ಬಣ್ಣದವು. ಗಾಢ ಬಣ್ಣ ಬೇಕಾದರೆ ದೊಡ್ಡ ಹರಳಿಗೇ ಹೋಗಬೇಕಾಗುತ್ತದೆ.

ಅಕ್ವಾಮರೀನ್ ಪಚ್ಚೆಯ ಸೋದರ. ಎರಡೂ ಬೆರಿಲ್ ಎಂಬ ಖನಿಜವೇ. ಗಡಸುತನ 7.5ರಿಂದ 8. ತಮಿಳುನಾಡಿನ ಕಾಂಗೇಯಂ ಬಳಿಯ ಪಡಿಯೂರು ಇದಕ್ಕೆ ಬಹು ಹಳೆಯ ನೆಲೆ. ಇಂದು ಬ್ರೆಜಿಲ್‌ನದು ಹೆಸರುವಾಸಿ. ಬಣ್ಣ ತಿಳಿ ಕಡಲಿನದು. 1 ಕ್ಯಾರೆಟ್‌ಗಿಂತ ಚಿಕ್ಕದಾದರೆ ಬಣ್ಣವೇ ಕಾಣದೆ ನೀರಿನಂತೆ ತೋರುತ್ತದೆ, ಹಾಗಾಗಿ 3–4 ಕ್ಯಾರೆಟ್‌ನ ಪದಕಕ್ಕೆ ಇದು ಹೇಳಿ ಮಾಡಿಸಿದ್ದು. ಒಳಗೆ ಬಿರುಕು, ಮಸುಕು ಇರುವ ಅಕ್ವಾಮರೀನ್‌ಗೆ ಹೆಚ್ಚು ಹಣ ಕೊಡಬೇಡಿ. ಶುಭ್ರವಾದವೇ ಬೇಕಾದಷ್ಟು ಸಿಗುತ್ತವೆ. ನೀಲಮಣಿಯಷ್ಟು ಕಡುನೀಲಿಯ ಬೆರಿಲ್ ತೋರಿಸಿದರೆ ಎಚ್ಚರ: ಮಶೀಶಿ (Maxixe) ಎಂಬ ಬಗೆಯದಾಗಿದ್ದರೆ ಬಿಸಿಲಿಗೆ ಬಣ್ಣ ಇಳಿದುಹೋಗುತ್ತದೆ.

ನೀಲಿ ಟೋಪಾಜ್ ಬಹುತೇಕ ಬಣ್ಣವಿಲ್ಲದ ಟೋಪಾಜ್‌ಗೆ ವಿಕಿರಣ ಕೊಟ್ಟು, ನಂತರ ಕಾಯಿಸಿ ಮಾಡಿದ್ದು. ಸ್ಕೈ ಬ್ಲೂ, ಸ್ವಿಸ್ ಬ್ಲೂ, ಲಂಡನ್ ಬ್ಲೂ ಎಂಬವು ತಿಳಿಯಿಂದ ಗಾಢದವರೆಗಿನ ಬಣ್ಣದ ಹೆಸರುಗಳೇ ಹೊರತು ಊರಿನ ಗುರುತಲ್ಲ. ಹೇರಳವಾಗಿ ಸಿಗುವುದರಿಂದ ದೊಡ್ಡ ಹರಳೂ ಕೈಗೆಟಕುವ ಬೆಲೆಗೆ ಬರುತ್ತದೆ. ಆ ಕಾರಣಕ್ಕೇ ಇದನ್ನು 'ಹೂಡಿಕೆ' ಎಂದು ಮಾರುವವರ ಮಾತು ಕೇಳಬೇಡಿ.

ಅಯೊಲೈಟ್ ನೀಲದ ಉಪರತ್ನವೆಂದು 'ನೀಲಿ' ಎಂಬ ಹೆಸರಲ್ಲೇ ಮಾರಾಟವಾಗುತ್ತದೆ. ಭಾರತದಲ್ಲೂ ಸಿಗುತ್ತದೆ, ಗಡಸುತನ 7ರಿಂದ 7.5. ಇದನ್ನು ಗುರುತಿಸುವುದು ಸುಲಭ. ಬೆಳಕಿಗೆ ಹಿಡಿದು ತಿರುಗಿಸಿದರೆ ಒಂದು ದಿಕ್ಕಿನಲ್ಲಿ ನೇರಳೆ ನೀಲಿ, ಇನ್ನೊಂದು ದಿಕ್ಕಿನಲ್ಲಿ ಬಣ್ಣವೇ ಇಲ್ಲದಂತೆ ಅಥವಾ ಮಾಸಲು ಹಳದಿ.

ಕಯನೈಟ್ ನೋಡಲು ನೀಲಮಣಿಯನ್ನೇ ಹೋಲುತ್ತದೆ, ಆದರೆ ಒಂದು ದಿಕ್ಕಿಗೆ ಗಡಸುತನ 4–5, ಇನ್ನೊಂದಕ್ಕೆ 6–7. ಕಟ್ಟುವಾಗಲೇ ಸೀಳುವ ಕಲ್ಲು ಅದು. ನೀಲಿ ಜಿರ್ಕಾನ್ ನಿಜವಾದ ಖನಿಜ, ಕಾಂಬೋಡಿಯಾದ ಕಲ್ಲನ್ನು ಕಾಯಿಸಿ ನೀಲಿ ಮಾಡುತ್ತಾರೆ, ಹೊಳಪು ವಜ್ರದ ಹತ್ತಿರಕ್ಕೆ ಬರುತ್ತದೆ. ಆದರೆ ಅಂಚುಗಳು ಬೇಗ ಉದುರುತ್ತವೆ. ನಮ್ಮ ಅಂಗಡಿಗಳಲ್ಲಿ 'ಜರ್ಕನ್' ಎಂದು ಕರೆಯುವುದು ಬಹುಪಾಲು ಇದನ್ನಲ್ಲ, ಕಾರ್ಖಾನೆಯ ಕ್ಯೂಬಿಕ್ ಜಿರ್ಕೋನಿಯಾವನ್ನು. ಹೆಸರಿನ ಹೋಲಿಕೆಗೆ ಮೋಸ ಹೋಗಬೇಡಿ. ಲಾಪಿಸ್ ಮತ್ತು ಫಿರೋಜಾ ಬೆಳಕು ಹಾಯದ ಕಲ್ಲುಗಳು, ಗಡಸುತನ 5–6ರ ಆಸುಪಾಸು. ಓಲೆಗೆ, ಸರಕ್ಕೆ ಚೆಂದ.

ಹಂತ 3: ಬಣ್ಣವನ್ನು ಮೂರು ಬೆಳಕಿನಲ್ಲಿ ನೋಡಿ

ಅಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ದೀಪಗಳು ಹರಳನ್ನು ಚೆಂದ ಕಾಣಿಸಲೆಂದೇ ಹಾಕಿದವು. ಹರಳನ್ನು ಬಾಗಿಲ ಬಳಿ ತರಿಸಿ, ನೇರ ಬಿಸಿಲು ಬೀಳದ ನೆರಳಿನ ಹಗಲಿನಲ್ಲಿ ಬಿಳಿ ಕಾಗದದ ಮೇಲಿಟ್ಟು ನೋಡಿ. ಆಮೇಲೆ ಮನೆಯಲ್ಲಿರುವಂಥ ಬಿಳಿ ಎಲ್‌ಇಡಿ ದೀಪದಡಿ, ಕೊನೆಗೆ ಹಳದಿ ದೀಪದಡಿ. ಪ್ರತಿ ಸಲವೂ ಬೆರಳ ಸಂದಿಯಲ್ಲಿಟ್ಟು, ಚರ್ಮದ ಬಣ್ಣದ ಪಕ್ಕ ಹೇಗೆ ಕಾಣುತ್ತದೆಂದೂ ಗಮನಿಸಿ, ಏಕೆಂದರೆ ಅದು ಇರಬೇಕಾದ ಜಾಗ ಅದೇ.

ನೀಲಮಣಿಯಲ್ಲಿ ಜನ ಮಾಡುವ ದೊಡ್ಡ ತಪ್ಪು, ಗಾಢವಾದಷ್ಟೂ ಒಳ್ಳೆಯದು ಎಂದು ತಿಳಿಯುವುದು. ಅತಿ ಗಾಢ ನೀಲ ಸಂಜೆಯ ದೀಪದಲ್ಲಿ ಇಂಕಿನ ಹನಿಯಂತೆ ಕಪ್ಪಾಗುತ್ತದೆ. ಒಂದು ತೋಳಿನಷ್ಟು ದೂರ ಹಿಡಿದಾಗಲೂ ಅದು ನೀಲಿಯೆಂದೇ ಕಾಣಬೇಕು. ಹಸಿರು ಅಥವಾ ಬೂದು ಬೆರೆತರೆ ಬೆಲೆ ಇಳಿಯುತ್ತದೆ. ತುಸು ನೇರಳೆ ಬೆರೆತರೆ ತೊಂದರೆಯಿಲ್ಲ.

ಕಡೆತವನ್ನೂ ಈಗಲೇ ನೋಡಿಬಿಡಿ. ಹರಳನ್ನು ಅಚ್ಚಾದ ಅಕ್ಷರದ ಮೇಲಿಟ್ಟು ಮೇಲಿನಿಂದ ನೋಡಿದಾಗ ನಡುವೆ ಅಕ್ಷರ ಓದಲು ಬಂದರೆ, ಬೆಳಕು ತಿರುಗಿ ಕಣ್ಣಿಗೆ ಬಾರದೆ ಕೆಳಗೆ ಸೋರಿಹೋಗುತ್ತಿದೆ ಎಂದರ್ಥ. ವ್ಯಾಪಾರಿಗಳು ಇದನ್ನು ವಿಂಡೋ ಎನ್ನುತ್ತಾರೆ. ಇದು ತಳ ತೀರಾ ತೆಳುವಾದ ಕಡೆತ. ಇದಕ್ಕೆ ವಿರುದ್ಧವಾದದ್ದು ಹೊಟ್ಟೆ ಉಬ್ಬಿದ ಕಡೆತ: ತೂಕ ಉಳಿಸಿಕೊಳ್ಳಲು ತಳವನ್ನು ದಪ್ಪ ಬಿಟ್ಟಿರುತ್ತಾರೆ. ಮೇಲಿನಿಂದ ಚಿಕ್ಕದಾಗಿ ಕಾಣುವ ಹರಳಿಗೆ ನೀವು ಹೆಚ್ಚು ಕ್ಯಾರೆಟ್‌ನ ಹಣ ಕೊಡುತ್ತೀರಿ. ಗುಂಡಗಿನ 1 ಕ್ಯಾರೆಟ್ ನೀಲಮಣಿ ಸುಮಾರು 6 ಮಿ.ಮೀ. ಅಗಲ ಇರಬೇಕು. ಅಕ್ವಾಮರೀನ್ ಹಗುರ ಖನಿಜವಾದ್ದರಿಂದ ಅದೇ ತೂಕಕ್ಕೆ ಸುಮಾರು ಆರೂವರೆ ಮಿ.ಮೀ. ಬರುತ್ತದೆ.

ಹಂತ 4: ಲೂಪ್ ಹಿಡಿಯಿರಿ

ಲೂಪನ್ನು ಕಣ್ಣಿಗೆ ಒತ್ತಿ ಹಿಡಿದು, ಹರಳನ್ನು ಸುಮಾರು 2.5 ಸೆಂ.ಮೀ. ದೂರಕ್ಕೆ ತನ್ನಿ. ಬೆಳಕು ಬದಿಯಿಂದ ಬೀಳಲಿ.

ನೀಲಮಣಿಯಲ್ಲಿ ಕಾಣುವ ನವಿರಾದ ಸೂಜಿಗೆರೆಗಳಿಗೆ 'ರೇಷ್ಮೆ' ಎನ್ನುತ್ತಾರೆ. ರೂಟೈಲ್ ಎಂಬ ಖನಿಜದ ಎಳೆಗಳವು. ಎಳೆಗಳು ಅಖಂಡವಾಗಿದ್ದರೆ ಹೆಚ್ಚು ಶಾಖ ತಗುಲಿಲ್ಲವೆಂಬ ಒಳ್ಳೆಯ ಸುಳಿವು. ಕಾಯಿಸಿದ್ದರಲ್ಲಿ ಅವು ಚುಕ್ಕೆ ಚುಕ್ಕೆಯಾಗಿ ಮುರಿದಿರುತ್ತವೆ. ಬಣ್ಣದ ಪಟ್ಟಿಗಳು ನೇರವಾಗಿ, ಕೋನ ಮಾಡಿಕೊಂಡು ಇದ್ದರೆ ಅದು ನೆಲದಲ್ಲಿ ಬೆಳೆದ ಹರಳಿನ ಲಕ್ಷಣ. ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ್ದರೆ, ಜೊತೆಗೆ ಗುಂಡನೆಯ ಗಾಳಿಗುಳ್ಳೆಗಳಿದ್ದರೆ, ಬೆಂಕಿಯ ಜ್ವಾಲೆಯಲ್ಲಿ ಪುಡಿ ಕರಗಿಸಿ ಬೆಳೆಸಿದ ಸಿಂಥೆಟಿಕ್. ಸಿಂಥೆಟಿಕ್ ಎಂದರೆ ರಚನೆಯಲ್ಲಿ ನೀಲಮಣಿಯೇ, ಹುಟ್ಟಿದ್ದು ಕಾರ್ಖಾನೆಯಲ್ಲಿ. ಇಮಿಟೇಶನ್ ಎಂದರೆ ನೀಲಿ ಗಾಜಿನಂಥ ಬೇರೆಯೇ ವಸ್ತು.

ಅಜ್ಜಿಯ ಉಂಗುರದ ಪ್ರಶ್ನೆಗೆ ಉತ್ತರ ಇಲ್ಲಿದೆ. ವೆರ್ನೂಯಿ ಎಂಬ ಫ್ರೆಂಚ್ ವಿಜ್ಞಾನಿ ಈ ಜ್ವಾಲೆಯ ವಿಧಾನವನ್ನು 1902ರಲ್ಲಿ ಪ್ರಕಟಿಸಿದರು. ಒಂದು ದಶಕದೊಳಗೆ ನೀಲಿಯೂ ಮಾರುಕಟ್ಟೆಗೆ ಬಂತು. ಅಂದರೆ ನೂರು ವರ್ಷ ಹಳೆಯ ಒಡವೆಯಲ್ಲೂ ಸಿಂಥೆಟಿಕ್ ಇರಬಹುದು. 'ಹಳೆಯದು, ಆದ್ದರಿಂದ ಅಸಲಿ' ಎಂಬ ವಾದ ನಿಲ್ಲುವುದಿಲ್ಲ. ಹಿಂಭಾಗ ಮುಚ್ಚಿ ಕಟ್ಟಿದ ಹಳೆಯ ಒಡವೆಗಳಲ್ಲಿ ಹರಳಿನ ಕೆಳಗೆ ಬಣ್ಣದ ತೆಳು ಲೋಹದ ಹಾಳೆ ಇಟ್ಟಿರುವುದೂ ಉಂಟು. ನೀಲಿ ಹರಳಿನದ್ದೋ ಹಾಳೆಯದ್ದೋ ಎಂಬುದು ಬಿಚ್ಚಿ ನೋಡುವ ತನಕ ತಿಳಿಯುವುದಿಲ್ಲ.

ಬಿಡಿ ಹರಳು ಕೈಯಲ್ಲಿದ್ದರೆ ಮನೆಯಲ್ಲೇ ಒಂದು ತೂಕದ ಪರೀಕ್ಷೆ ಮಾಡಬಹುದು. ಮೊದಲು ಹರಳನ್ನು ಒಣಗಿದಂತೆ ತೂಗಿ. ಪುಟ್ಟ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹರಳನ್ನು ತೆಳು ನೂಲಿಗೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವುದು ಹರಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. 0.400 ಗ್ರಾಂ ಹರಳಿಗೆ 0.100 ಬಂದರೆ ಉತ್ತರ 4.0, ಅದು ನೀಲಮಣಿಯ ಅಂಕಿ. ಸ್ಪಿನೆಲ್ 3.6, ಟೋಪಾಜ್ ಸುಮಾರು 3.5, ಟಾಂಜನೈಟ್ 3.35, ಅಕ್ವಾಮರೀನ್ 2.7, ಅಯೊಲೈಟ್ 2.6, ಕ್ಯೂಬಿಕ್ ಜಿರ್ಕೋನಿಯಾ 5.6ಕ್ಕಿಂತ ಹೆಚ್ಚು. ಹರಳಿಗೆ ಅಂಟಿದ ಗಾಳಿಗುಳ್ಳೆ ಉತ್ತರವನ್ನು ಕೆಡಿಸುತ್ತದೆ, ಹಾಗಾಗಿ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಬೆರೆಸಿ. 1 ಕ್ಯಾರೆಟ್‌ಗಿಂತ ಚಿಕ್ಕ ಹರಳಿಗೆ ಈ ಲೆಕ್ಕವನ್ನು ನಂಬಲಾಗದು. ಸಿಂಥೆಟಿಕ್ ನೀಲಕ್ಕೂ 4.0 ಬರುತ್ತದೆ ಎಂಬುದು ನೆನಪಿರಲಿ. ಈ ಪರೀಕ್ಷೆ ಖನಿಜ ಯಾವುದೆಂದು ಹೇಳುತ್ತದೆ, ಎಲ್ಲಿ ಹುಟ್ಟಿತೆಂದು ಹೇಳುವುದಿಲ್ಲ.

ಹಂತ 5: 'ಏನು ಮಾಡಿದ್ದೀರಿ?' ಎಂದು ಕೇಳಿ

'ಅಸಲಿಯೇ?' ಎಂದಷ್ಟೇ ಕೇಳಿದರೆ 'ಹೌದು' ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ. ಕೇಳಬೇಕಾದದ್ದು ಹರಳಿಗೆ ಏನೇನು ಸಂಸ್ಕರಣೆ ಆಗಿದೆ ಎಂದು.

ಬರೀ ಕಾಯಿಸಿದ್ದರೆ ಒಪ್ಪಬಹುದು. ಮಾರುಕಟ್ಟೆಯ ನೀಲಮಣಿಗಳಲ್ಲಿ ಹೆಚ್ಚಿನವು ಅಂಥವೇ, ಬಣ್ಣ ಶಾಶ್ವತ. ಕಾಯಿಸದ ಒಳ್ಳೆಯ ನೀಲಕ್ಕೆ ಬೆಲೆ ಬಹಳ ಹೆಚ್ಚು, ಆದ್ದರಿಂದಲೇ 'ಕಾಯಿಸಿಲ್ಲ' ಎಂಬ ಮಾತಿಗೆ ವರದಿ ಬೇಕು.

ಡಿಫ್ಯೂಷನ್ ಎಂದರೆ ತೀವ್ರ ಶಾಖದಲ್ಲಿ ಹೊರಗಿನಿಂದ ಧಾತು ಸೇರಿಸಿ ಬಣ್ಣ ಬರಿಸುವುದು. ಟೈಟಾನಿಯಂ ಬಳಸಿದರೆ ನೀಲಿ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಗೀಚು ತೆಗೆಯಲೆಂದು ಪಾಲಿಶ್‌ಗೆ ಕೊಟ್ಟರೆ ಬಣ್ಣ ಸಮೇತ ಹೋಗುತ್ತದೆ. ಹರಳನ್ನು ನೀರು ತುಂಬಿದ ಬಿಳಿ ಬಟ್ಟಲಲ್ಲಿಟ್ಟು ನೋಡಿ. ಪಟ್ಟೆಗಳ ಅಂಚಿನಲ್ಲಿ ನೀಲಿ ಗೆರೆ ಬರೆದಂತೆ ಕಂಡರೆ ಅನುಮಾನಿಸಿ.

ಖಂಡಿತ ಬೇಡವೆನ್ನಬೇಕಾದದ್ದು ಗಾಜು ತುಂಬಿದ ನೀಲ. ಬಿರುಕು ತುಂಬಿದ ಕಳಪೆ ಕೊರಂಡಮ್‌ಗೆ ಕೋಬಾಲ್ಟ್ ಬೆರೆತ ನೀಲಿ ಗಾಜನ್ನು ಕರಗಿಸಿ ತುಂಬುತ್ತಾರೆ. ಲೂಪಿನಲ್ಲಿ ನೋಡಿದರೆ ನೀಲಿ ಬಣ್ಣ ಬಿರುಕುಗಳ ಉದ್ದಕ್ಕೂ ಶೇಖರವಾಗಿರುತ್ತದೆ, ಅಲ್ಲಲ್ಲಿ ಚಪ್ಪಟೆ ಗುಳ್ಳೆಗಳಿರುತ್ತವೆ. ನಿಂಬೆರಸದಂಥ ಸೌಮ್ಯ ಆಮ್ಲವೂ ಆ ಗಾಜನ್ನು ಕೊರೆಯಬಲ್ಲದು. ಅಕ್ಕಸಾಲಿ ಒಡವೆಯನ್ನು ಆಮ್ಲದಲ್ಲಿ ಅದ್ದಿದರಂತೂ ಹರಳು ಬಲೆಯಂತಾಗಿ ಹೊರಬರುತ್ತದೆ. ದೊಡ್ಡ ಗಾತ್ರ, ಗಾಢ ನೀಲಿ, ನಂಬಲಾಗದ ಕಡಿಮೆ ಬೆಲೆ, ಈ ಮೂರೂ ಕೂಡಿ ಬಂದಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.

ಲಾಪಿಸ್‌ಗೆ ಬಣ್ಣ ಹಾಕಿದ್ದಾರೆಯೇ ಎಂದು ತಿಳಿಯಲು, ಮಾರುವವರ ಒಪ್ಪಿಗೆ ಪಡೆದು, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಒರೆಸಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದು.

ಹಂತ 6: ತೂಕವನ್ನು ಕ್ಯಾರೆಟ್‌ನಲ್ಲೇ ಬರೆಸಿ

1 ಕ್ಯಾರೆಟ್ ಎಂದರೆ 0.2 ಗ್ರಾಂ, ಎಲ್ಲೆಡೆ ಒಂದೇ. ರತ್ತಿ ಹಾಗಲ್ಲ. ಗುಲಗಂಜಿ ಬೀಜದ ತೂಕದಿಂದ ಬಂದ ಈ ಅಳತೆಯನ್ನು ಚಿನ್ನದವರು 0.1215 ಗ್ರಾಂ ಎನ್ನುತ್ತಾರೆ, ಹರಳಿನ ವ್ಯಾಪಾರದಲ್ಲಿ ಹಲವರು ಸುಮಾರು 0.182 ಗ್ರಾಂ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: 5 ರತ್ತಿ ಎಂದರೆ ಮೊದಲಿನ ಲೆಕ್ಕದಲ್ಲಿ 3.04 ಕ್ಯಾರೆಟ್, ಎರಡನೆಯದರಲ್ಲಿ 4.55 ಕ್ಯಾರೆಟ್. ಒಂದೂವರೆ ಕ್ಯಾರೆಟ್‌ನ ಅಂತರ! ಜ್ಯೋತಿಷಿ ರತ್ತಿಯಲ್ಲಿ ಹೇಳಿದರೆ ಎಷ್ಟು ಗ್ರಾಂ ಎಂದು ಅವರನ್ನೇ ಕೇಳಿ ಬರೆದುಕೊಂಡು ಅಂಗಡಿಗೆ ಹೋಗಿ.

ದರ ಕ್ಯಾರೆಟ್ ಲೆಕ್ಕದಲ್ಲಿರುತ್ತದೆ, ಆದರೆ ನೀಲಮಣಿಯಲ್ಲಿ 2 ಕ್ಯಾರೆಟ್‌ನ ಒಂದು ಹರಳು 1 ಕ್ಯಾರೆಟ್‌ನ ಎರಡು ಹರಳಿಗಿಂತ ದುಬಾರಿ. ದೊಡ್ಡದು ಅಪರೂಪವಾದಷ್ಟೂ ಕ್ಯಾರೆಟ್ ದರವೇ ಏರುತ್ತದೆ. ದರ ಏರುವುದು ಪೂರ್ಣ ಅಂಕಿಗಳಲ್ಲಿ, ಆದ್ದರಿಂದ 2.00ರ ಬದಲು 1.90 ಕ್ಯಾರೆಟ್ ಹುಡುಕಿದರೆ ಕಣ್ಣಿಗೆ ವ್ಯತ್ಯಾಸ ಕಾಣದೆ ಹಣ ಉಳಿಯಬಹುದು.

ಹಂತ 7: ಕಟ್ಟಿಸುವ ಮೊದಲೇ ವರದಿ ಮಾಡಿಸಿ

ಕಟ್ಟಿದ ಹರಳಿನ ಹಿಂಬದಿ, ಅಂಚು ಮುಚ್ಚಿಹೋಗಿ ಪ್ರಯೋಗಾಲಯಕ್ಕೂ ಪೂರ್ತಿ ಕಾಣುವುದಿಲ್ಲ. ತೂಕವನ್ನೂ ಅಂದಾಜಿಗೆ ಬರೆಯಬೇಕಾಗುತ್ತದೆ. ಬೆಲೆಬಾಳುವ ನೀಲಮಣಿ, ಸ್ಪಿನೆಲ್, ದೊಡ್ಡ ಟಾಂಜನೈಟ್‌ಗೆ ಬಿಡಿಯಾಗಿದ್ದಾಗಲೇ ಅಮೆರಿಕ ಮೂಲದ ಜಿಐಎ ಅಥವಾ ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಹಿಂದಿನ ಹೆಸರು ಜಿಟಿಎಲ್) ನಂಥ ರತ್ನಪರೀಕ್ಷೆಯ ಪ್ರಯೋಗಾಲಯದ ವರದಿ ಪಡೆಯಿರಿ. ಅಂಗಡಿಯವರೇ ಅಚ್ಚು ಹಾಕಿಸಿದ ಕಾರ್ಡಿಗೆ ಆ ಬೆಲೆಯಿಲ್ಲ. ಸಣ್ಣ ಟೋಪಾಜ್‌ಗೆ ವರದಿ ಮಾಡಿಸುವುದು ದಂಡ.

ವರದಿಯಲ್ಲಿ 'ನ್ಯಾಚುರಲ್' ಎಂಬ ಪದ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅದು ಹರಳು ನೆಲದಲ್ಲಿ ಹುಟ್ಟಿದ್ದೆಂದು ಮಾತ್ರ ಹೇಳುತ್ತದೆ. ಗಾಜು ತುಂಬಿದ ನೀಲಕ್ಕೂ ಆ ಪದ ಬರಬಹುದು. ಕಣ್ಣು ಹಾಯಿಸಬೇಕಾದದ್ದು 'ಟ್ರೀಟ್‌ಮೆಂಟ್' ಅಥವಾ 'ಕಮೆಂಟ್ಸ್' ಎಂಬ ಸಾಲಿಗೆ. 'ನೋ ಇಂಡಿಕೇಶನ್ಸ್ ಆಫ್ ಹೀಟಿಂಗ್' ಎಂದಿದ್ದರೆ ಕಾಯಿಸಿದ ಗುರುತು ಸಿಕ್ಕಿಲ್ಲ ಎಂದರ್ಥ. ಆಮೇಲೆ ವರದಿಯ ಸಂಖ್ಯೆಯನ್ನು ಆ ಪ್ರಯೋಗಾಲಯದ ಜಾಲತಾಣದಲ್ಲಿ ಹಾಕಿ, ತೂಕ ಮತ್ತು ಮಿ.ಮೀ. ಅಳತೆ ನಿಮ್ಮ ಕೈಯಲ್ಲಿರುವ ಹರಳಿಗೆ ಹೊಂದುತ್ತದೆಯೇ ನೋಡಿ. ವರದಿ ಅಸಲಿ, ಹರಳು ಬೇರೆ ಎಂಬ ಮೋಸ ಸಿಕ್ಕಿಬೀಳುವುದು ಹೀಗೆ.

'ಮೂರು ದಿನ ಇಟ್ಟುಕೊಂಡು ನೋಡಿ, ಆಗಿಬರದಿದ್ದರೆ ವಾಪಸ್ ಕೊಡಿ' ಎಂದು ನೀಲಮಣಿ ಕೊಡುವ ವಾಡಿಕೆಯಿದೆ. ಹಣವೇ ಮರಳಿ ಬರುತ್ತದೆಯೇ, ಬೇರೆ ಹರಳು ಮಾತ್ರವೇ, ಎಷ್ಟು ಕಡಿತ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.

ಹಂತ 8: ಅಕ್ಕಸಾಲಿಗೆ ಹರಳಿನ ಹೆಸರು ಹೇಳಿ ಕೊಡಿ

22 ಕ್ಯಾರೆಟ್ ಚಿನ್ನ ಮೆದು. ಅದರಲ್ಲಿ ನಾಲ್ಕು ಸಣ್ಣ ಕೊಕ್ಕೆಗಳ ಮೇಲೆ ಹರಳು ನಿಲ್ಲಿಸಿದರೆ ಕೊಕ್ಕೆ ಸಡಿಲವಾಗಿ ಹರಳು ಬೀಳುತ್ತದೆ. 22 ಕ್ಯಾರೆಟ್‌ನಲ್ಲೇ ಬೇಕಾದರೆ ಹರಳಿನ ಸುತ್ತ ಚಿನ್ನದ ಅಂಚು ಕಟ್ಟಿಸಿ. ಕೊಕ್ಕೆ ಬೇಕೇ ಬೇಕೆಂದರೆ 18 ಕ್ಯಾರೆಟ್, ಅಂದರೆ 750 ಮುದ್ರೆಯ ಚಿನ್ನ. ಟಾಂಜನೈಟ್, ಟೋಪಾಜ್‌ಗೆ ಸುತ್ತ ಅಂಚಿನ ಕಟ್ಟೇ ಕ್ಷೇಮ, ಏಕೆಂದರೆ ಬದಿಯ ಪೆಟ್ಟನ್ನು ಚಿನ್ನ ತಾಳಿಕೊಳ್ಳುತ್ತದೆ. ಚೌಕ ಹರಳಾದರೆ ಮೂಲೆಗಳು ಮುಚ್ಚಿರಲಿ, ಮೊದಲು ಒಡೆಯುವುದು ಅವೇ.

ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆ ಹರಳು ಕೂರಿಸಬೇಕು. ಮುಂದೆ ಉಂಗುರ ದೊಡ್ಡದು ಮಾಡಿಸುವಾಗಲೂ ಹರಳು ಬಿಚ್ಚಿಸಿಯೇ ಬೆಂಕಿಗೆ ಕೊಡಿ. ಟಾಂಜನೈಟ್ ದಿಢೀರ್ ಶಾಖಕ್ಕೆ ಸೀಳುತ್ತದೆ, ನೀಲಿ ಟೋಪಾಜ್‌ನ ಬಣ್ಣ ಕೆಡಬಹುದು. ನೀಲಮಣಿ ಶಾಖ ತಡೆಯುತ್ತದೆಂಬ ಧೈರ್ಯದಲ್ಲಿ ಕೆಲವರು ಹಾಗೆಯೇ ಊದುತ್ತಾರೆ. ಆದರೆ ಬೆಸುಗೆಗೆ ಬಳಸುವ ಬಿಳಿಗಾರ ಕಾದ ಕೊರಂಡಮ್‌ನ ಮೇಲ್ಮೈಯನ್ನೇ ತಿನ್ನುತ್ತದೆ. ಹರಳು ತಣ್ಣಗಾದ ಮೇಲೆ ಮಂಜು ಮುಸುಕಿದಂತೆ ಕಾಣುತ್ತದೆ, ಮತ್ತೆ ಕಡೆಸದೆ ವಿಧಿಯಿಲ್ಲ.

ಹಂತ 9: ಬಿಲ್‌ನಲ್ಲಿ ಹರಳು ಬೇರೆ, ಚಿನ್ನ ಬೇರೆ

ಒಟ್ಟು ತೂಕ, ಹರಳಿನ ತೂಕ, ಚಿನ್ನದ ನಿವ್ವಳ ತೂಕ ಮೂರೂ ಬಿಲ್‌ನಲ್ಲಿ ಇರಬೇಕು. ಉಂಗುರ 5.600 ಗ್ರಾಂ, ಹರಳು 3 ಕ್ಯಾರೆಟ್ ಆದರೆ ಹರಳಿನ ತೂಕ 0.600 ಗ್ರಾಂ, ಚಿನ್ನಕ್ಕೆ ಕೊಡಬೇಕಾದದ್ದು 5.000 ಗ್ರಾಂಗೆ. ಹರಳನ್ನೂ ಚಿನ್ನದ ದರಕ್ಕೆ ಸೇರಿಸಿ, ಅದರ ಮೇಲೆ ವೇಸ್ಟೇಜ್ ಹಾಕಿ, ಮತ್ತೆ ಹರಳಿನ ಬೆಲೆಯನ್ನೂ ಬರೆದ ಬಿಲ್‌ಗಳಿರುತ್ತವೆ. ಕೂತು ಕೂಡಿಸಿ ನೋಡಿ.

ಬಿಐಎಸ್ ಚಿಹ್ನೆ, ಶುದ್ಧತೆಯ ಅಂಕಿ, ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ, ಹಾಲ್‌ಮಾರ್ಕ್‌ನ ಈ ಮೂರೂ ಚಿನ್ನದ ಶುದ್ಧತೆಗೆ ಸಂಬಂಧಿಸಿದವು. ಹಾಲ್‌ಮಾರ್ಕ್ ಹರಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹರಳಿನ ಹೆಸರು, ಕ್ಯಾರೆಟ್ ತೂಕ, ಸಂಸ್ಕರಣೆ, ವರದಿಯ ಸಂಖ್ಯೆ ಇವನ್ನು ಬಿಲ್‌ನಲ್ಲೇ ಕೈಬರಹದಲ್ಲಾದರೂ ಬರೆಸಿ ಸಹಿ ಹಾಕಿಸಿ. ಬರೀ 'ಬ್ಲೂ ಸ್ಟೋನ್' ಎಂದು ಬರೆದ ಬಿಲ್ ಹಿಡಿದು ನಾಳೆ ಜಗಳಕ್ಕೆ ನಿಲ್ಲಲಾಗದು.

ಹಂತ 10: ಮನೆಗೆ ಬಂದ ಮೇಲೆ

ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಇಷ್ಟು ಸಾಕು. ಹರಳಿನ ಹಿಂಬದಿಯನ್ನೇ ಹೆಚ್ಚು ಉಜ್ಜಿ. ಕೊಬ್ಬರಿ ಎಣ್ಣೆ, ಸಾಬೂನಿನ ಜಿಡ್ಡು ಕೂರುವುದು ಅಲ್ಲಿ, ಹರಳು ಮಂಕಾಗಿ ಕಾಣುವುದೂ ಅದರಿಂದ. ಅಂಗಡಿಗಳಲ್ಲಿನ ಅಲ್ಟ್ರಾಸಾನಿಕ್ ತೊಳೆಯುವ ಯಂತ್ರಕ್ಕೆ ಟಾಂಜನೈಟ್, ಟೋಪಾಜ್, ಅಯೊಲೈಟ್, ಗಾಜು ತುಂಬಿದ ಯಾವುದನ್ನೂ ಹಾಕಲು ಬಿಡಬೇಡಿ. ಅದರ ಕಂಪನ ಒಳಗಿನ ಬಿರುಕನ್ನು ಹಿಗ್ಗಿಸುತ್ತದೆ. ಹಿಂಬದಿ ಮುಚ್ಚಿ, ಹಾಳೆ ಇಟ್ಟು ಕಟ್ಟಿದ ಒಡವೆಯನ್ನು ನೀರಿಗೇ ಹಾಕಬೇಡಿ. ನೀರು ಒಳಸೇರಿ ಹಾಳೆ ಕಪ್ಪಾಗುತ್ತದೆ. ಫಿರೋಜಾ ರಂಧ್ರಗಳಿರುವ ಕಲ್ಲು, ಎಣ್ಣೆ, ಅರಿಶಿನ, ಸುಗಂಧದ್ರವ್ಯ ಎಲ್ಲವನ್ನೂ ಹೀರಿ ಹಸಿರಾಗುತ್ತದೆ. ಅಲಂಕಾರವೆಲ್ಲ ಮುಗಿದ ಮೇಲೆ ಕೊನೆಗೆ ಹಾಕಿಕೊಂಡು, ಬಂದ ಕೂಡಲೇ ಮೊದಲು ತೆಗೆದು ಒಣ ಬಟ್ಟೆಯಲ್ಲಿ ಒರೆಸಿಡಿ.

ಒಂದೇ ಡಬ್ಬಿಯಲ್ಲಿ ಎಲ್ಲ ಒಡವೆ ಸುರಿದಿಡಬೇಡಿ. ವಜ್ರ ನೀಲಮಣಿಯನ್ನು ಗೀಚುತ್ತದೆ, ನೀಲಮಣಿ ಉಳಿದ ನೀಲಿ ಹರಳುಗಳನ್ನೆಲ್ಲ ಗೀಚುತ್ತದೆ. ಒಂದೊಂದಕ್ಕೂ ಮೆತ್ತನೆಯ ಪುಟ್ಟ ಚೀಲ ಬೇಕು. ಜಿರ್ಕಾನ್ ಆದರೆ ಒಂದು ಚೀಲದಲ್ಲಿ ಎರಡು ಬಿಡಿ ಹರಳುಗಳೂ ಬೇಡ, ಒಂದಕ್ಕೊಂದು ಉಜ್ಜಿ ಅಂಚು ಉದುರುತ್ತದೆ.

ಆರು ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಒಳಗೆ ಅಲುಗಾಡುತ್ತಿದೆ. ತೆಳುವಾದ ಹತ್ತಿಯ ಎಳೆಯನ್ನು ಕೊಕ್ಕೆಗಳ ಮೇಲೆ ಎಳೆದು ನೋಡಿ, ಸಿಕ್ಕಿಕೊಂಡರೆ ಆ ಕೊಕ್ಕೆ ಎದ್ದಿದೆ. ಅಂದಿನಿಂದಲೇ ಉಂಗುರ ತೆಗೆದಿಟ್ಟು ಅಕ್ಕಸಾಲಿಗೆ ತೋರಿಸಿ.